ಮೂರು ದಾಟಬೇಡ

ಭಯವನ್ನು ಪೊಟ್ಟಣ ಕಟ್ಟಿ ಮಾರುವಂತಿದ್ದರೆ ಆ ಓಣಿಯಲ್ಲಿ ಅವಳೊಬ್ಬಳೇ ಸಗಟು ವ್ಯಾಪಾರಿ ಆಗಿರುತ್ತಿದ್ದಳು. ಲಿಫ್ಟ್ ಕಂಡರೆ ಭಯ. ಆರು ಮಹಡಿಯಾದರೂ ಏದುಸಿರು ಬಿಡುತ್ತ ಮೆಟ್ಟಿಲೇ ಹತ್ತುವಳು. ನಾಯಿ ಕಂಡರೆ ಭಯ. ಕಟ್ಟಿಹಾಕಿದ್ದರೂ ಭಯ, ಮಲಗಿದ್ದರೆ ಇನ್ನೂ ಭಯ, ಎದ್ದುಬಿಟ್ಟರೆ ಎಂದು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದನ್ನು ಗಂಡನ ಕೈಗಿಟ್ಟು ಅಡುಗೆಮನೆ ಸೇರಿಬಿಡುವಳು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅತ್ತೆ ಅವಳಿಗೆ ಪುಕ್ಕಲಿ ಎಂದು ಹೆಸರಿಟ್ಟರು. ಇಪ್ಪತ್ತೆರಡು ವರ್ಷವಾದರೂ ಆ ಹೆಸರು ಸವೆಯಲಿಲ್ಲ. ಓಣಿಯವರೂ ಹಾಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಇಂಥ ಮಹಾತಾಯಿ ಮಾಡುತ್ತಿದ್ದದ್ದು ಮಾತ್ರ ಕರೆಂಟಿನ ಕೆಲಸ. ನಗಬೇಡಿ. ಗಂಡನೂ ಒಮ್ಮೆ ನಕ್ಕು ಕೇಳಿದ್ದ, "ಅಲ್ವೇ, ನಾಯಿಮರಿಗೆ ಹೆದರೋಳು ಕರೆಂಟಿಗೆ ಹೆಂಗೆ ಕೈ ಹಾಕ್ತೀಯ?"

"ನಾಯಿ ಯಾವಾಗ ಕಚ್ಚುತ್ತೆ ಅಂತ ಅದರ ಮೈಮೇಲೆ ಬರೆದಿರಲ್ಲ," ಎಂದಳು ಅವಳು. "ಇದರ ಮೈಮೇಲೆ ಬರೆದಿರುತ್ತೆ."

ಹನ್ನೊಂದು ವರ್ಷ ಅವಳು ರೇಡಿಯೋ ಕಾರ್ಖಾನೆಯೊಂದರಲ್ಲಿ ಬೋರ್ಡುಗಳನ್ನು ಪರೀಕ್ಷಿಸುವ ಸಾಲಿನಲ್ಲಿ ಕೂತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯ ಕಿಟಕಿಗೆ ಒಂದು ಮೇಜು ಹಾಕಿಕೊಂಡಳು. ಕೆಟ್ಟ ರೇಡಿಯೋ, ಟಾರ್ಚು, ಮಕ್ಕಳ ಆಟಿಕೆ, ಕಿವಿಯ ಯಂತ್ರ, ಏನು ತಂದರೂ ಬೇಡ ಎನ್ನುತ್ತಿರಲಿಲ್ಲ. ರಿಪೇರಿ ಮಾಡಿದ್ದನ್ನು ಓಡಿಸಿ ನೋಡಲು ಬೇಕಾದ ದೊಡ್ಡ ಪವರ್ ಸಪ್ಲೈ ಅವಳ ಬಳಿ ಇರಲಿಲ್ಲ. ಇದ್ದದ್ದು ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ಅಗಲದ ಬಕ್ ಕನ್ವರ್ಟರ್ ಬೋರ್ಡು. ಅದನ್ನು ಸೋಪಿನ ಡಬ್ಬಿಯಲ್ಲಿ ಕೂರಿಸಿ, ಒಂದು ಕಡೆ ಹಳೆಯ ಲ್ಯಾಪ್‌ಟಾಪಿನ ಚಾರ್ಜರ್ ಸಿಕ್ಕಿಸಿದ್ದಳು. ಚಾರ್ಜರಿನಿಂದ ಹತ್ತೊಂಬತ್ತು ವೋಲ್ಟ್ ಒಳಗೆ ಹೋಗುತ್ತದೆ. ಗುಂಡಿ ಒತ್ತಿ ಎಷ್ಟು ಬೇಕು ಎಂದು ಹೇಳಿದರೆ ಅಷ್ಟಕ್ಕೆ ಇಳಿದು ಹೊರಗೆ ಬರುತ್ತದೆ. ಮೇಲಿನ ಸಾಲಿನ ಕೆಂಪು ಅಂಕಿ ವೋಲ್ಟ್ ತೋರಿಸುತ್ತದೆ, ಕೆಳಗಿನದು ಎಷ್ಟು ಆಂಪ್ ಹರಿಯುತ್ತಿದೆ ಎಂದು. ಇದಕ್ಕಿಂತ ಹೆಚ್ಚು ಹರಿಯಗೊಡಬೇಡ ಎಂದು ಆಂಪಿಗೆ ಒಂದು ಮಿತಿಯನ್ನೂ ಹಾಕಬಹುದು. ಆ ಮಿತಿ ಎಂದರೆ ಪುಕ್ಕಲಿಗೆ ಪಂಚಪ್ರಾಣ. ಏನೇ ಬರಲಿ, ಮೊದಲು ಅರ್ಧ ಆಂಪಿಗೆ ಬಿಗಿದು, ಆಮೇಲೆ ಇರುವೆ ನಡೆದಂತೆ ಮೇಲೇರಿಸುವಳು.

ಅಷ್ಟು ಜಾಗ್ರತೆಯವಳೂ ಒಮ್ಮೆ ಎಡವಿದ್ದಳು. ಆ ಬೋರ್ಡಿಗೆ ಒಂದು ಕೆಟ್ಟ ಬುದ್ಧಿ ಇದೆ: ಆರಿಸಿ ಹೊತ್ತಿಸಿದರೆ ಹಿಂದಿನ ಸಲ ಎಷ್ಟಕ್ಕೆ ಇಟ್ಟಿದ್ದರೋ ಅಷ್ಟನ್ನೇ ಕೊಡುತ್ತದೆ, ಕೇಳುವುದೂ ಇಲ್ಲ. ಹಿಂದಿನ ದಿನ ಹನ್ನೆರಡಕ್ಕೆ ಇಟ್ಟದ್ದನ್ನು ಮರೆತು, ಒಂದೂವರೆ ವೋಲ್ಟಿನ ಕಿವಿಯ ಯಂತ್ರಕ್ಕೆ ತಂತಿ ಮುಟ್ಟಿಸಿಬಿಟ್ಟಳು. ಚುಂಯ್ ಎಂದು ಎಳೆ ಹೊಗೆ. ಯಂತ್ರದ ಯಜಮಾನ, ಲೇತ್ ಕೆಲಸ ಮಾಡಿ ಮಾಡಿ ಕಿವಿ ಕಳೆದುಕೊಂಡ ಮುದುಕ, ಎದುರಿಗೇ ನಿಂತಿದ್ದ. ಇವಳು ತಪ್ಪಾಯ್ತು, ತಪ್ಪಾಯ್ತು ಎಂದು ಅಳುತ್ತಿದ್ದರೆ ಏನೂ ಕೇಳಿಸದೆ ನಗುತ್ತ ತಲೆಯಾಡಿಸಿದ. ಅಂದಿನಿಂದ ಅವಳು ಅಂಕಿಗಳನ್ನು ಬಾಯಿಬಿಟ್ಟು ಹೇಳತೊಡಗಿದಳು. "ಐದಕ್ಕೆ ಇಟ್ಟಿದೀನಿ. ಐದೇ ತಾನೇ? ಹೂಂ, ಐದು. ಅರ್ಧ ದಾಟಬೇಡ ಕಣೋ, ದಾಟಿದ್ರೆ ಸುಟ್ಟೋಗ್ತೀಯ." ಹೀಗೆ ದಿನವಿಡೀ.

ಆಗಿನ್ನೂ ಗಟ್ಟಿಮುಟ್ಟಾಗಿದ್ದ ಅತ್ತೆ ಒಳಕೋಣೆಯಿಂದ ಕೂಗುವರು, "ಅದಕ್ಕೆ ಕಿವಿ ಇಲ್ಲ ಕಣೇ ಪುಕ್ಕಲಿ!"

"ನಿಮಗಿದೆಯಲ್ಲ ಅತ್ತೆ, ನೀವೇ ಕೇಳಿಸ್ಕೊಳ್ಳಿ!"

"ನಿನ್ನ ಮಾತು ನಾನು ಯಾವತ್ತು ಕೇಳಿದೀನಿ?"

ಅದು ನಿಜವೇ. ಉಪ್ಪು ಕಮ್ಮಿ ಮಾಡಿ ಎಂದರೆ ಮುದುಕಿ ಚಮಚ ತುಂಬಿ ಸುರಿದುಕೊಳ್ಳುವರು. ಸ್ವೆಟರ್ ಹಾಕಿಕೊಳ್ಳಿ ಎಂದರೆ ಹಾಕಿದ್ದನ್ನೂ ಕಳಚುವರು. ಸೊಸೆಯ ಮಾತಿಗೆ ತಲೆಯಾಡಿಸಿದರೆ ತಮ್ಮ ಕಿರೀಟ ಬಿದ್ದುಹೋಗುತ್ತದೆ ಎಂಬಂತೆ ಇಪ್ಪತ್ತೆರಡು ವರ್ಷ ಕಾದಾಡಿದ್ದರು. ಆದರೂ ಎರಡು ವರ್ಷದ ಹಿಂದೆ ಎದೆಯ ಸ್ನಾಯುಗಳು ಸೋತು ಹಾಸಿಗೆ ಹಿಡಿದಾಗ, ಮಗ ಕೈಚಾಚಿದರೂ ಮೇಲೇಳಲು ಅವರು ಹಿಡಿದದ್ದು ಸೊಸೆಯ ಭುಜವನ್ನು. ಉಸಿರೆಳೆಯುವ ಶಕ್ತಿಯೇ ಕುಂದಿತ್ತು. ಮಂಚದ ಪಕ್ಕದಲ್ಲಿ ಒಂದು ಬಿಳಿ ಯಂತ್ರ ಬಂದು ಕೂತಿತು. ಮೂಗಿನ ಮಾಸ್ಕಿನ ಮೂಲಕ ಅದು ಪ್ರತಿ ಉಸಿರಿಗೂ ಗಾಳಿ ಒತ್ತಬೇಕು. ಸ್ನಾನಕ್ಕೆಂದು ಹತ್ತು ನಿಮಿಷ ತೆಗೆದರೂ ಅತ್ತೆಯ ತುಟಿ ಕಪ್ಪಿಡುತ್ತಿತ್ತು. ಮಾತಾಡಬಹುದಿತ್ತು, ಒಂದು ಉಸಿರಿಗೆ ಎರಡು ಮೂರು ಶಬ್ದ. ಬೈಯಲು ಅಷ್ಟು ಸಾಕಾಗುತ್ತಿತ್ತು.

ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಇರಬಹುದು. ಓಣಿಯ ಕಂಬದಲ್ಲಿ ಪಟ್ ಎಂದು ಸದ್ದಾಯಿತು, ಮನೆಯ ಬಲ್ಬು ಒಂದು ಗಳಿಗೆ ಕಣ್ಣು ಕುಕ್ಕುವಷ್ಟು ಉರಿದು ತಣ್ಣಗಾಯಿತು. ಕರೆಂಟು ಹೋಗಲಿಲ್ಲ. ಆದರೆ ಒಳಗಿನಿಂದ ಯಂತ್ರ ಕೀ ಕೀ ಎಂದು ಅರಚತೊಡಗಿತು. ಪುಕ್ಕಲಿ ಓಡಿದಳು. ಯಂತ್ರದ ಅಡಾಪ್ಟರಿನಿಂದ ಸುಟ್ಟ ವಾಸನೆ, ಮುಟ್ಟಿದರೆ ಕೆಂಡ. ಯಂತ್ರ ತನ್ನೊಳಗಿನ ಬ್ಯಾಟರಿಯ ಮೇಲೆ ಓಡುತ್ತಿತ್ತು. ಹೊಸದಾಗಿದ್ದಾಗ ಎರಡು ಗಂಟೆ ಬರುತ್ತಿದ್ದ ಬ್ಯಾಟರಿ ಈಗ ಹದಿನಾಲ್ಕು ನಿಮಿಷ ಎಂದು ತೋರಿಸಿತು.

ಗೊತ್ತಿಲ್ಲದ ನಂಬರಿಗೆ ಹೆದರುತ್ತಿದ್ದವಳು ಗೊತ್ತಿಲ್ಲದ ಎರಡು ನಂಬರಿಗೆ ತಾನೇ ಫೋನ್ ಮಾಡಿದಳು. ಯಂತ್ರದ ಸರ್ವಿಸ್‌ನವನು ಹೊಸ ಅಡಾಪ್ಟರ್ ಹಿಡಿದು ಹೊರಡುತ್ತೇನೆ, ಎರಡು ಗಂಟೆಯಾದರೂ ಬೇಕು ಎಂದ. ಆಂಬುಲೆನ್ಸಿನವರು ಉಸಿರಿನ ಯಂತ್ರವಿರುವ ಗಾಡಿ ಒಂದೇ, ಅದು ಬೇರೆ ಕಡೆ ಹೋಗಿದೆ, ಬಂದ ತಕ್ಷಣ ಕಳಿಸುತ್ತೇವೆ ಎಂದರು. ಗಂಡ ಊರಾಚೆ ಗೋಡೌನಿನಲ್ಲಿದ್ದ. "ಬರ್ತೀನಿ, ಈಗ್ಲೇ ಹೊರಟೆ, ನೀನು ಹೆದರ್ಕೋಬೇಡ," ಎಂದು ಅವನೇ ನಡುಗುವ ದನಿಯಲ್ಲಿ ಹೇಳಿದ. ಹೆದರಬೇಡ ಅಂತೆ! ಅವಳಿಗೆ ಅವನನ್ನು ಫೋನಿನೊಳಗಿಂದಲೇ ಎಳೆದು ಬಾರಿಸಬೇಕೆನ್ನಿಸಿತು.

ಸುಟ್ಟ ಅಡಾಪ್ಟರನ್ನು ತಿರುಗಿಸಿ ಓದಿದಳು. ಹದಿನೈದು ವೋಲ್ಟ್. ಕಾರಿನ ಬ್ಯಾಟರಿ ಹನ್ನೆರಡು, ಲ್ಯಾಪ್‌ಟಾಪಿನ ಚಾರ್ಜರ್ ಹತ್ತೊಂಬತ್ತು. ಯಾರ ಮನೆಯಲ್ಲೂ ಇಲ್ಲದ ಹದಿನೈದು ಬೇಕಿತ್ತು. ಅದನ್ನು ಕೊಡಬಲ್ಲದ್ದು ಮುಂದಿನ ಕೋಣೆಯ ಸೋಪಿನ ಡಬ್ಬಿಯೊಂದೇ.

ಅವಳು ಅಡಾಪ್ಟರಿನ ತಂತಿಯನ್ನು ಕತ್ತರಿಸಿ, ಸೋಪಿನ ಡಬ್ಬಿಯನ್ನೂ ಚಾರ್ಜರನ್ನೂ ಬಾಚಿಕೊಂಡು ಬಂದು ಅತ್ತೆಯ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು.

"ಇದೇನು," ಎಂದರು ಅತ್ತೆ. ಒಂದು ಉಸಿರು. "ನಿನ್ನ ಆಟದ ಸಾಮಾನು?"

"ಅತ್ತೆ, ಈಗ ಮಾತಾಡ್ಬೇಡಿ. ದಮ್ಮಯ್ಯ."

"ಕೊಲ್ತೀಯಾ ನನ್ನ?"

ಕೀಟಲೆಗೆ ಹೇಳಿದ ಮಾತು. ಆದರೆ ಪುಕ್ಕಲಿಯ ತಲೆಯಲ್ಲೂ ಅದೇ ಓಡುತ್ತಿತ್ತು. ಈ ಬೋರ್ಡು ಕೆಡುವ ರೀತಿ ಅವಳಿಗೆ ಗೊತ್ತು. ಅತಿಯಾಗಿ ಕಾದರೆ ಒಳಗಿನ ಸ್ವಿಚ್ಚು ಬೆಸೆದುಕೊಂಡು ನಿಲ್ಲುತ್ತದೆ. ಆಗ ಒಳಗೆ ಬಂದ ಹತ್ತೊಂಬತ್ತೂ ಹಾಗೇ ಆಚೆ ನುಗ್ಗುತ್ತದೆ. ಅಡಾಪ್ಟರ್ ಸುಟ್ಟರೆ ಯಂತ್ರ ಉಳಿಯುತ್ತದೆ, ಯಂತ್ರವೇ ಸುಟ್ಟರೆ ಯಾವ ಸರ್ವಿಸ್‌ನವನು ಬಂದೂ ಪ್ರಯೋಜನವಿಲ್ಲ. ಐದು ಆಂಪ್ ಎಂದು ಬೋರ್ಡಿನ ಮೇಲೆ ಬರೆದಿದೆ, ಬರೆಯಲು ಏನಂತೆ! ಮೂರು ದಾಟಿ ಹತ್ತು ನಿಮಿಷ ಓಡಿಸಿದರೆ ಅದು ಕಾದು ಕೆಂಡವಾಗುತ್ತದೆ ಎಂದು ರಿಪೇರಿಯವರಿಗೆಲ್ಲ ಗೊತ್ತಿತ್ತು.

"ಹದಿನೈದಕ್ಕೆ ಇಟ್ಟಿದೀನಿ," ಎಂದು ಬಾಯಿಬಿಟ್ಟು ಹೇಳಿದಳು. ಮೀಟರ್ ಹಚ್ಚಿ ನೋಡಿದಳು. ಹದಿನೈದು. ಪ್ಲಸ್ಸು ಮೈನಸ್ಸು ಮೂರು ಸಲ ನೋಡಿದಳು. ಮಿತಿಯನ್ನು ಎರಡು ಆಂಪಿಗೆ ಬಿಗಿದಳು. ಅಷ್ಟು ಹೆಚ್ಚು ಅವಳು ಹಿಂದೆಂದೂ ಇಟ್ಟಿರಲಿಲ್ಲ. ಬ್ಯಾಟರಿ ನಾಲ್ಕು ನಿಮಿಷ ತೋರಿಸುತ್ತಿತ್ತು. ಕಣ್ಣು ಮುಚ್ಚಿ ತಂತಿ ಸಿಕ್ಕಿಸಿದಳು.

ಹೊಗೆ ಬರಲಿಲ್ಲ. ಯಂತ್ರದ ಹಸಿರು ದೀಪ ಹತ್ತಿತು. ಅವಳು ಉಸಿರು ಬಿಡುವಷ್ಟರಲ್ಲಿ ಅತ್ತೆ ಉಸಿರೆಳೆದರು, ಕೆಳಗಿನ ಅಂಕಿ ಸರ್ರನೆ ಏರಿ ಎರಡಕ್ಕೆ ಢಿಕ್ಕಿ ಹೊಡೆಯಿತು, ಮೇಲಿನ ಹದಿನೈದು ಹನ್ನೊಂದಕ್ಕೆ ಕುಸಿಯಿತು, ಯಂತ್ರ ಕೀ ಎಂದು ಅರಚಿ, ಸೋತ ಬ್ಯಾಟರಿಯನ್ನೂ ನೆಚ್ಚಲಾರದೆ ಅರ್ಧ ಉಸಿರಿನಲ್ಲೇ ನಿಂತಿತು. ಅತ್ತೆಯ ಕೈ ಹಾಸಿಗೆಯ ಬಟ್ಟೆಯನ್ನು ಹಿಡಿದು ಹಿಂಡಿತು.

"ಅಯ್ಯೋ! ತಡೀರಿ, ತಡೀರಿ ಅತ್ತೆ!"

ತಡೆಯಲು ಅವರು ಬಸ್ಸಿನ ಸಾಲಿನಲ್ಲಿ ನಿಂತಿದ್ದರೇ? ಬೆವರಿದ ಬೆರಳಿಗೆ ಗುಂಡಿ ಜಾರಿತು. ಮತ್ತೆ ಒತ್ತಿ ಮಿತಿ ಏರಿಸಿದಳು: ಎರಡೂಕಾಲು, ಎರಡೂವರೆ, ಮೂರು. ಯಂತ್ರ ಮತ್ತೆ ಚೇತರಿಸಿಕೊಂಡು ಗಾಳಿ ಒತ್ತಿತು. ಅತ್ತೆಯ ಎದೆ ಮೇಲೆದ್ದಿತು. ಕೆಳಗಿನ ಅಂಕಿ ಎರಡು ಪಾಯಿಂಟ್ ಎಂಟು, ಎರಡು ಪಾಯಿಂಟ್ ಒಂಬತ್ತು, ಆಮೇಲೆ ಇಳಿದು ಒಂದು. ಮತ್ತೆ ಎರಡು ಒಂಬತ್ತು.

ಆಗ ಅವಳಿಗೆ ತಿಳಿಯಿತು, ತಾನು ನೋಡುತ್ತಿರುವುದು ಅತ್ತೆಯ ಉಸಿರನ್ನೇ ಎಂದು. ಅವರು ಎಳೆದಾಗ ಯಂತ್ರದ ಮೋಟಾರು ಜೋರಾಗಿ, ಅಂಕಿ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಎಷ್ಟು ದೊಡ್ಡ ಉಸಿರೋ ಅಷ್ಟು ದೊಡ್ಡ ಅಂಕಿ.

ಬೋರ್ಡು ಕಾಯತೊಡಗಿತು. ಅವಳು ಡಬ್ಬಿಯ ಮುಚ್ಚಳ ಕಿತ್ತೆಸೆದಳು, ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ತಿರುಗಿಸಿದಳು. ಸತ್ತ ಆಂಪ್ಲಿಫೈಯರಿನಿಂದ ಕಿತ್ತಿಟ್ಟಿದ್ದ ಅಲ್ಯುಮಿನಿಯಂ ತುಂಡನ್ನು ತಂದು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅದರ ಬೆನ್ನಿಗೆ ಕಚ್ಚಿಸಿದಳು. ತುಂಡು ಬೇರೆಲ್ಲಾದರೂ ತಗುಲಿದರೆ ಕಥೆ ಮುಗಿಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಆ ಕೆಲಸ ಮಾಡಿದಳು. ಆಮೇಲೆ ನೆಲದ ಮೇಲೆ ಕುಕ್ಕರಿಸಿ, ಅಂಕಿಯಲ್ಲಿ ಕಣ್ಣು ನೆಟ್ಟಳು.

ಎರಡು ಎಂಟು. ಎರಡು ಒಂಬತ್ತು. ಒಮ್ಮೆ ಅತ್ತೆ ಕೆಮ್ಮಿದರು, ಮೂರು ಮುಟ್ಟಿತು, ಯಂತ್ರ ಕೀ ಎಂದಿತು.

"ಮೂರು ದಾಟಬೇಡ," ಎಂದಳು. "ದಾಟಬೇಡ, ನಿನ್ನ ಕಾಲಿಗೆ ಬೀಳ್ತೀನಿ. ಸುಟ್ಟೋಗುತ್ತೆ. ಎಲ್ಲಾ ಸುಟ್ಟೋಗುತ್ತೆ. ಮೂರರ ಒಳಗೇ ಇರು. ಇನ್ನೂ ಸ್ವಲ್ಪ ಕಮ್ಮಿ. ಹಾಂ, ಹಂಗೆ. ಹಂಗೇ ಇರು."

ಗಡಿಯಾರ ಹನ್ನೆರಡು ದಾಟಿತು. ಬೀದಿಯಲ್ಲಿ ಯಾರೋ ಹಳೆ ಪೇಪರ್ ಎಂದು ಕೂಗಿಕೊಂಡು ಹೋದರು. ಪ್ರಪಂಚ ಹೇಗೆ ತನ್ನ ಪಾಡಿಗೆ ತಾನು ಹಳೆ ಪೇಪರ್ ಕೊಳ್ಳುತ್ತಿದೆ ಎಂದು ಅವಳಿಗೆ ಸಿಟ್ಟು ಬಂತು. ಆಂಬುಲೆನ್ಸಿನ ಸುಳಿವಿರಲಿಲ್ಲ, ಬಾಗಿಲಿನ ಕಡೆ ತಿರುಗಿ ನೋಡಲೂ ಹೆದರಿಕೆ. ಕಣ್ಣು ತೆಗೆದ ಆ ಗಳಿಗೆಯಲ್ಲೇ ಏನಾದರೂ ಆದರೆ? ಕಾಲು ಜೋಮು ಹಿಡಿಯಿತು. ಅವಳು ಒಂದೇ ಸಮನೆ ಅಂಕಿಗೆ ಹೇಳುತ್ತಲೇ ಇದ್ದಳು, ದಾಟಬೇಡ, ದಾಟಬೇಡ.

ಪುಣ್ಯಕ್ಕೆ ಅದು ಮಾತು ಕೇಳಿತು. ಹನ್ನೆರಡೂಕಾಲರ ಹೊತ್ತಿಗೆ ಎರಡು ಐದಕ್ಕೆ ಇಳಿಯಿತು. ಆಮೇಲೆ ಎರಡು. ಆಮೇಲೆ ಒಂದು ಎಂಟು. ಬೆರಳು ತಾಗಿಸಿ ನೋಡಿದಳು, ಬೋರ್ಡೂ ತಣ್ಣಗಾಗುತ್ತಿತ್ತು. ಯಂತ್ರ ಅರಚಲಿಲ್ಲ. ಕೋಣೆ ಶಾಂತವಾಯಿತು. ಬೆಳಗಿನಿಂದ ಮೊದಲ ಬಾರಿಗೆ ಅವಳು ಬೆನ್ನನ್ನು ಗೋಡೆಗೆ ಆನಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನೂ ದಾರಿಯಲ್ಲೇ ಇದ್ದ ಗಂಡನಿಗೆ ಫೋನ್ ಮಾಡಿ, "ಪರವಾಗಿಲ್ಲ, ಕಮ್ಮಿಯಾಗಿದೆ, ನೀವು ನಿಧಾನಕ್ಕೆ ಬನ್ನಿ," ಎಂದೂ ಹೇಳಿದಳು.

ಒಂದು ಆರು. ಒಂದು ನಾಲ್ಕು.

ಫೋನ್ ಕೆಳಗಿಟ್ಟ ಮೇಲೆ ಏನೋ ಚುಚ್ಚಿತು. ಕಾರ್ಖಾನೆಯ ಹನ್ನೊಂದು ವರ್ಷ ಅವಳಿಗೆ ಕಲಿಸಿದ್ದೇ ಅದು: ಅಂಕಿ ಏರಿದರೆ ಕಾರಣ ಹುಡುಕು, ಕಾರಣವಿಲ್ಲದೆ ಇಳಿದರೂ ಹುಡುಕು. ಬೋರ್ಡಿನಲ್ಲಿ ಅವಳು ಏನನ್ನೂ ಬದಲಿಸಿರಲಿಲ್ಲ. ಯಂತ್ರದಲ್ಲೂ ಇಲ್ಲ. ಹಾಗಾದರೆ ಇಳಿಯುತ್ತಿರುವುದು ಯಾವುದು?

ಒಂದೂವರೆ ಗಂಟೆಯಲ್ಲಿ ಮೊದಲ ಸಲ ಅವಳು ತಲೆ ಎತ್ತಿ ಅತ್ತೆಯ ಮುಖ ನೋಡಿದಳು.

ಅತ್ತೆ ಅವಳನ್ನು ನೋಡುತ್ತಿರಲಿಲ್ಲ. ದಿಂಬಿನ ಮೇಲೆ ಕತ್ತು ಹೊರಳಿಸಿ, ಸ್ಟೂಲಿನ ಮೇಲಿದ್ದ ಕೆಂಪು ಅಂಕಿಯನ್ನೇ ನೋಡುತ್ತಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಗುರಿನ ಬುಡ ಕಪ್ಪಾಗಿತ್ತು. ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು, ಅವರು ಅದನ್ನು ಬಲವಂತವಾಗಿ ತೆರೆದು, ಅಂಕಿ ನೋಡಿ, ಒಂದು ಚೂರು ಗಾಳಿ ಎಳೆದು, ಅಂಕಿ ಏರಲು ಹೊರಟ ಕೂಡಲೇ ಬಾಗಿಲು ಹಾಕಿದಂತೆ ನಿಲ್ಲಿಸಿಬಿಡುತ್ತಿದ್ದರು. ಎದೆ ಮೇಲೇಳುತ್ತಲೇ ಇರಲಿಲ್ಲ.

"ಅತ್ತೆ! ಏನ್ಮಾಡ್ತಿದೀರಿ ನೀವು? ಉಸಿರು ತಗೊಳ್ಳಿ!"

ಅತ್ತೆ ತಲೆ ಅಲ್ಲಾಡಿಸಿದರು. "ನೀನೇ ಅಂದ್ಯಲ್ಲೇ," ಎಂದರು. ಮುಂದಿನ ಉಸಿರಿಗೆ ಬಹಳ ಹೊತ್ತು ಬೇಕಾಯಿತು. "ದಾಟಬೇಡ ಅಂತ."

ಉಪ್ಪಿಗೆ ಕೇಳದ, ಸ್ವೆಟರಿಗೆ ಕೇಳದ ಈ ಹಟಮಾರಿ ಮುದುಕಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಸೊಸೆಯ ಮಾತು ಕೇಳಿತ್ತು. ಅದೂ ಎಂಥ ಮಾತನ್ನು!

"ನಿಮಗಲ್ಲ ಅತ್ತೆ! ನಿಮಗೆ ಹೇಳಿದ್ದಲ್ಲ! ಅದಕ್ಕೆ ಹೇಳಿದ್ದು, ಆ ದರಿದ್ರ ಡಬ್ಬಿಗೆ! ತಗೊಳ್ಳಿ, ಜೋರಾಗಿ ಎಳೀರಿ!"

ಅತ್ತೆಗೆ ನಂಬಿಕೆ ಬರಲಿಲ್ಲ. ಅವರ ಕಣ್ಣು ಮತ್ತೆ ಅಂಕಿಯ ಕಡೆಗೇ ಹೋಯಿತು. ಪುಕ್ಕಲಿ ಗುಂಡಿ ಒತ್ತಿದಳು. ಮಿತಿ ಮೂರು ಇದ್ದದ್ದು ನಾಲ್ಕಾಯಿತು, ನಾಲ್ಕು ಐದಾಯಿತು, ಅದಕ್ಕಿಂತ ಮೇಲೆ ಆ ಬೋರ್ಡಿನಲ್ಲಿ ಅಂಕಿಯೇ ಇಲ್ಲ. ಆಮೇಲೆ ಡಬ್ಬಿಯನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಬಿಟ್ಟಳು, ಅತ್ತೆಗೂ ಕಾಣದಂತೆ, ತನಗೂ ಕಾಣದಂತೆ.

"ಈಗ ನನ್ನ ಮುಖ ನೋಡಿ," ಎಂದಳು. ಮಂಚದ ಮೇಲೆ ಕೂತು ಅತ್ತೆಯ ಎರಡು ಕೆನ್ನೆ ಹಿಡಿದುಕೊಂಡಳು. "ಎಳೀರಿ. ಇನ್ನೂ. ಇನ್ನೂ ಎಳೀರಿ."

ಯಂತ್ರದ ಮೋಟಾರು ಕುಂಯ್‌ಗುಟ್ಟಿತು. ಅತ್ತೆಯ ಎದೆ ಎದ್ದಿತು. ಗೋಡೆಯ ಕಡೆ ಅಂಕಿ ಎಷ್ಟಾಯಿತೋ ಯಾರಿಗೆ ಗೊತ್ತು. ಬಿಸಿ ವಾರ್ನಿಶ್ಶಿನ ವಾಸನೆ ಬರತೊಡಗಿತು. ಆ ವಾಸನೆ ಬಂದರೆ ಓಡಿಹೋಗಿ ಸ್ವಿಚ್ಚು ಆರಿಸುತ್ತಿದ್ದವಳು ಅಲ್ಲಾಡದೆ ಕೂತಳು. ಹೆದರಿಕೆಯೇನೂ ಎಲ್ಲೂ ಹೋಗಿರಲಿಲ್ಲ. ಆದರೆ ಅದು ಮುಖದಲ್ಲಿ ಕಾಣಬಾರದು, ಕಂಡರೆ ಮುದುಕಿ ಮತ್ತೆ ಉಸಿರು ಹಿಡಿಯುತ್ತಾರೆ. ಹಾಗಾಗಿ ಅವಳು ನಕ್ಕಳು. ನೆನಪಿಗೆ ಬಂದದ್ದನ್ನೆಲ್ಲ ಹೇಳಿದಳು: ಮದುವೆಯ ಹೊಸದರಲ್ಲಿ ಹಲ್ಲಿಗೆ ಹೆದರಿ ತಾನು ಹಾಲಿನ ಪಾತ್ರೆ ಬೀಳಿಸಿದ್ದು, ಅತ್ತೆ ಬೈದದ್ದು, ಬೈಯುತ್ತಲೇ ತಾವೂ ಜಾರಿ ಬಿದ್ದದ್ದು. ಹೇಳುತ್ತ ಹೇಳುತ್ತ ಬೆನ್ನ ಹಿಂದೆ ಕೈ ಚಾಚಿ ಫ್ಯಾನನ್ನು ಇನ್ನಷ್ಟು ಹತ್ತಿರ ಎಳೆದಳು.

ಹತ್ತು ನಿಮಿಷಕ್ಕೆ ತುಟಿಯ ನೇರಳೆ ತಿಳಿಯಾಯಿತು. ಇಪ್ಪತ್ತು ನಿಮಿಷಕ್ಕೆ ಅತ್ತೆ, "ಹಾಲು ಎರಡು ಲೀಟರ್ ಇತ್ತು," ಎಂದು ತಿದ್ದಿದರು.

ಸರ್ವಿಸ್‌ನವನು ಬಂದಾಗ ಒಂದು ಗಂಟೆ ಐದು ನಿಮಿಷ. ಬಾಗಿಲಲ್ಲೇ ಮೂಗು ಹಿಡಿದು, "ಏನೋ ಸುಡ್ತಿದೆ ಮೇಡಂ!" ಎಂದ. ಬಟ್ಟೆಯ ಕ್ಲಿಪ್ಪು ಕರಗಿ ಒಂದು ಕಡೆ ವಾಲಿತ್ತು. ಅವನು ಹೊಸ ಅಡಾಪ್ಟರ್ ಗೋಡೆಗೆ ಸಿಕ್ಕಿಸಿ, ಪುಕ್ಕಲಿಯ ತಂತಿ ಕಿತ್ತು, ತನ್ನದನ್ನು ಹಾಕಿದ. ಹಸಿರು ದೀಪ ಹಾಗೇ ಉರಿಯಿತು. "ಈ ಡಬ್ಬಿಯಲ್ಲಿ ಎರಡು ಗಂಟೆ ಓಡಿಸಿದ್ರಾ?" ಎಂದು ಸೋಪಿನ ಡಬ್ಬಿಯನ್ನು ಎತ್ತಲು ಹೋಗಿ ಬೆರಳು ಸುಟ್ಟುಕೊಂಡ. ಅತ್ತೆಯ ಬೆರಳಿಗೆ ಸಣ್ಣ ಮೀಟರ್ ಹಾಕಿ, ಕಾಗದದಲ್ಲಿ ಏನೋ ಬರೆದುಕೊಂಡು, ಬ್ಯಾಟರಿ ಬದಲಿಸಲು ನಾಳೆ ಬರುತ್ತೇನೆ ಎಂದು ಹೊರಟ.

ಅವನು ಮೆಟ್ಟಿಲಿಳಿಯುವ ಸದ್ದು ಮುಗಿಯಿತು. ಅತ್ತೆಯ ಉಸಿರು ಇನ್ನೂ ಗಿಡ್ಡಗಿಡ್ಡವಾಗಿಯೇ ಇತ್ತು. ಸೊಸೆಯ ಸೆರಗಿನ ತುದಿ ಹಿಡಿದು ಜಗ್ಗಿದರು.

"ಲೇ," ಎಂದರು. "ಈಗ ಎಷ್ಟು ಬೇಕಾದ್ರೂ ತಗೋಬಹುದಾ?"

"ಏನನ್ನ ಅತ್ತೆ?"

"ಉಸಿರು."

ಬೆಳಗಿನಿಂದ ತಡೆದಿದ್ದ ಅಳುವೆಲ್ಲ ಒಟ್ಟಿಗೆ ನುಗ್ಗಿ ಬಂತು. ಪುಕ್ಕಲಿ ಅತ್ತೆಯ ಪಾದದ ಹತ್ತಿರ ಹಾಸಿಗೆಗೆ ಮುಖವಿಟ್ಟು ತಲೆಯಾಡಿಸಿದಳು, ಹೂಂ, ಹೂಂ ಎಂದು. ಮುದುಕಿ ಆ ತಲೆಯನ್ನೇ ನೋಡುತ್ತ, ಎರಡು ಬಾರಿ ಕೇಳಿಸಿಕೊಂಡು ಖಾತ್ರಿ ಮಾಡಿಕೊಂಡ ಮೇಲೆ, ನಿಧಾನವಾಗಿ ಎದೆ ತುಂಬ ಎಳೆದುಕೊಂಡರು.